ಕಿವಿಯಿಂದ ಪುಸ್ತಕಕ್ಕೆ ಒಂದು ದಾರಿ

(ಕಲಿಕಾ ಕೇಂದ್ರದ ಮಹಿಳೆಯರ ಸಭೆಯಲ್ಲಿ ಆಡಿದ ಮಾತು)



ನೀವೆಲ್ಲ ಬೆಳಗಿನಿಂದ ದುಡಿದು ಬಂದಿದ್ದೀರಿ. ಹೊಲದ ಕೆಲಸ ಮುಗಿಸಿ, ದನಕ್ಕೆ ಮೇವು ಹಾಕಿ, ಮಕ್ಕಳಿಗೆ ಊಟಕ್ಕಿಟ್ಟು ಬಂದಿದ್ದೀರಿ. ಅದಕ್ಕೇ ನಾವು ದೊಡ್ಡ ಭಾಷಣ ಮಾಡೋದಿಲ್ಲ. ಒಂದೇ ಒಂದು ವಿಷಯ ಹೇಳ್ತೀವಿ. ನಮಗೆ ಬೇಕಾದ ಪುಸ್ತಕವನ್ನು ನಾವೇ ಹುಡುಕಿಕೊಳ್ಳುವುದು ಹೇಗೆ? ಅದೇ ಇವತ್ತಿನ ಮಾತು.

ಕಲಿತದ್ದು ಉಳಿಯಬೇಕು

ನೀವು ಅಕ್ಷರ ಕಲಿತಿರಿ. ಹೆಬ್ಬೆಟ್ಟು ಒತ್ತುವ ಕೈ ಈಗ ರುಜು ಹಾಕುತ್ತದೆ. ಬಸ್ಸಿನ ಬೋರ್ಡು ಓದುತ್ತೀರಿ. ಪಡಿತರ ಚೀಟಿಯಲ್ಲಿ ನಿಮ್ಮ ಹೆಸರು ಎಲ್ಲಿದೆ ಎಂದು ಬೆರಳಿಟ್ಟು ತೋರಿಸುತ್ತೀರಿ. ಇದು ಸಣ್ಣ ಕೆಲಸವಲ್ಲ.

ಆದರೆ ಒಂದು ಮಾತು. ಅಕ್ಷರ ಅನ್ನೋದು ಕುಡುಗೋಲು ಇದ್ದ ಹಾಗೆ. ದಿನಾ ಬಳಸಿದರೆ ಹರಿತವಾಗಿರುತ್ತದೆ. ಸೂರಿಗೆ ಸಿಕ್ಕಿಸಿ ಮರೆತರೆ ತುಕ್ಕು ಹಿಡಿಯುತ್ತದೆ.

ನಮ್ಮ ದೇಶದಲ್ಲಿ 1988ರಲ್ಲಿ ರಾಷ್ಟ್ರೀಯ ಸಾಕ್ಷರತಾ ಮಿಷನ್ ಶುರುವಾಯಿತು. 1990ರ ನಂತರ ನಮ್ಮ ಜಿಲ್ಲೆ ಜಿಲ್ಲೆಗಳಲ್ಲಿ ಸಾಕ್ಷರತಾ ಆಂದೋಲನ ನಡೆಯಿತು. ಜಾಥಾ ಹೊರಟವು. ಬೀದಿ ನಾಟಕ ಆದವು. ಲಾಟೀನು ಬೆಳಕಿನಲ್ಲಿ ಕೂತು ಎಷ್ಟೋ ಜನ ಹೆಂಗಸರು ಅಕ್ಷರ ಕಲಿತರು. ಆದರೆ ಪಾಠದ ಪುಸ್ತಕ ಮುಗಿದ ಮೇಲೆ ಕೆಲವರ ಕೈಗೆ ಬೇರೆ ಪುಸ್ತಕ ಸಿಗಲಿಲ್ಲ. ಓದುವುದಕ್ಕೆ ಏನೂ ಇಲ್ಲ ಅಂದ ಮೇಲೆ ಓದು ನಿಂತಿತು. ಓದು ನಿಂತ ಮೇಲೆ ಒತ್ತಕ್ಷರ ಮರೆಯಿತು. ಆಮೇಲೆ ಕೊಂಬು, ದೀರ್ಘ ಮರೆಯಿತು. ಕೊನೆಗೆ ರುಜು ಒಂದೇ ಉಳಿಯಿತು.

ಅದಕ್ಕಾಗಿಯೇ ಸಾಕ್ಷರೋತ್ತರ ಕಾರ್ಯಕ್ರಮ, ಮುಂದುವರಿಕೆ ಶಿಕ್ಷಣ ಎಂದೆಲ್ಲ ಮಾಡಿದರು. ಹೆಸರು ದೊಡ್ಡದು. ಅರ್ಥ ಸಣ್ಣದು. ಕಲಿತ ಮೇಲೂ ಓದುತ್ತಿರಬೇಕು. ಅಷ್ಟೇ.

ಹಾಗಾದರೆ ಓದೋದು ಏನನ್ನ?

ಹೆಸರು ಗೊತ್ತಿಲ್ಲದೆ ಕೇಳುವುದು ಹೇಗೆ?

ಒಬ್ಬ ಹೆಂಗಸು ಗ್ರಂಥಾಲಯಕ್ಕೆ ಹೋಗುತ್ತಾಳೆ ಅಂತ ಇಟ್ಟುಕೊಳ್ಳಿ. ಬಾಗಿಲಲ್ಲಿ ಚಪ್ಪಲಿ ಬಿಡುತ್ತಾಳೆ. ಒಳಗೆ ಬೆಂಚಿನ ಮೇಲೆ ನಾಲ್ಕು ಜನ ಗಂಡಸರು ಪೇಪರ್ ಓದುತ್ತಿದ್ದಾರೆ. ತಲೆ ಎತ್ತಿ ನೋಡುತ್ತಾರೆ. ಬೀರುವಿನ ತುಂಬ ಪುಸ್ತಕ. ಕೆಂಪು, ಹಸಿರು, ದಪ್ಪ, ತೆಳು. ಯಾವುದನ್ನು ಮುಟ್ಟುವುದು?

"ಏನಮ್ಮಾ, ಯಾವ ಪುಸ್ತಕ ಬೇಕಿತ್ತು?" ಎಂದು ಅಲ್ಲಿಯವರು ಕೇಳುತ್ತಾರೆ.

ಅವಳಿಗೆ ಹೆಸರು ಗೊತ್ತಿಲ್ಲ. "ಏನಿಲ್ಲಣ್ಣ, ಸುಮ್ಮನೆ ಬಂದೆ" ಎಂದು ವಾಪಸ್ ಬರುತ್ತಾಳೆ.

ಅವಳಿಗೆ ಓದು ಬರುತ್ತದೆ. ಓದುವ ಆಸೆಯೂ ಇದೆ. ಇಲ್ಲದ್ದು ಒಂದೇ. ಕೇಳುವುದಕ್ಕೆ ಒಂದು ಹೆಸರು.

ಬಹಳ ಓದಿದವರಿಗೆ ಈ ಹೆಸರುಗಳು ಎಲ್ಲಿಂದ ಸಿಗುತ್ತವೆ? ಪೇಪರ್‌ನಲ್ಲಿ ಬಂದಿರುತ್ತದೆ. ಮೇಷ್ಟ್ರು ಹೇಳಿರುತ್ತಾರೆ. ಸ್ನೇಹಿತರು ಹೇಳಿರುತ್ತಾರೆ. ನಮಗೆ ಯಾರು ಹೇಳಬೇಕು?

ನಮಗೆ ಪುಸ್ತಕ ಬರೆದವರೇ ಹೇಳಬಹುದು. ಅದಕ್ಕೆ ಈಗ ಒಂದು ದಾರಿ ಇದೆ. ಅದು ಕಿವಿಯ ದಾರಿ.

ನಮ್ಮ ಕಿವಿ ಮೊದಲೇ ಕಲಿತಿದೆ

ಕೇಳಿ ಕಲಿಯುವುದು ನಮಗೆ ಹೊಸದಲ್ಲ. ಬೀಸುವ ಕಲ್ಲಿನ ಪದ ನಿಮಗೆ ಯಾರು ಬರೆದುಕೊಟ್ಟರು? ಅವ್ವ ಹಾಡಿದಳು, ನೀವು ಕೇಳಿದಿರಿ. ಸೋಬಾನೆ ಪದ ಹೇಗೆ ಬಂತು? ಅಜ್ಜಿ ಹಾಡಿದಳು, ನೀವು ಕೇಳಿದಿರಿ. ಗಾದೆ, ಒಗಟು, ನಾಟಿ ಔಷಧ, ಯಾವ ಮಳೆಗೆ ಏನು ಬಿತ್ತಬೇಕು ಎಂಬ ಲೆಕ್ಕ, ಎಲ್ಲ ಕಿವಿಯಿಂದಲೇ ಬಂದದ್ದು.

ಪುಸ್ತಕವೂ ಹಾಗೇ ಬರುತ್ತಿತ್ತು. ನಮ್ಮ ಊರುಗಳಲ್ಲಿ ಭಾರತ ಓದಿಸುವ ಪದ್ಧತಿ ಇತ್ತು. ಗುಡಿಯಲ್ಲೋ, ದೊಡ್ಡ ಮನೆಯ ಪಡಸಾಲೆಯಲ್ಲೋ ಜನ ಕೂಡುತ್ತಿದ್ದರು. ಒಬ್ಬರು ರಾಗವಾಗಿ ಓದುತ್ತಿದ್ದರು. ಇನ್ನೊಬ್ಬರು ಅರ್ಥ ಬಿಡಿಸಿ ಹೇಳುತ್ತಿದ್ದರು. ಓದು ಬಾರದವರಿಗೂ ಕುಮಾರವ್ಯಾಸನ ಭಾರತ ಗೊತ್ತಿತ್ತು. ಹೆಂಗಸರು ಒಂದು ಕಡೆ ಕೂತು ಕೇಳುತ್ತಿದ್ದರು. ಆದರೆ ಪುಸ್ತಕ ಮಾತ್ರ ಅವರ ಕೈಗೆ ಬರುತ್ತಿರಲಿಲ್ಲ.

ಈಗ ನಮಗೆ ಎರಡೂ ಇದೆ. ಕೇಳುವ ಕಿವಿ ಇದೆ. ಓದುವ ಕಣ್ಣೂ ಇದೆ. ಇವೆರಡನ್ನೂ ಜೋಡಿಸಬೇಕು.

ರೇಡಿಯೋದಿಂದ ಮೊಬೈಲಿಗೆ

ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿ ಎಂಬ ಪ್ರಾಧ್ಯಾಪಕರಿದ್ದರು. ಅವರು 1935ರಲ್ಲಿ ತಮ್ಮ ಮನೆಯಿಂದಲೇ ರೇಡಿಯೋ ಕಾರ್ಯಕ್ರಮ ಶುರು ಮಾಡಿದರು. ಆ ರೇಡಿಯೋ ಕೇಂದ್ರದ ಹೆಸರೇ ಆಕಾಶವಾಣಿ. ಆಮೇಲೆ ಇಡೀ ದೇಶದ ರೇಡಿಯೋಗೆ ಅದೇ ಹೆಸರು ಬಂತು. ಆಕಾಶವಾಣಿಯಲ್ಲಿ ಹಾಡು, ನಾಟಕ, ರೈತರಿಗೆ ಸಲಹೆ, ಮಹಿಳೆಯರ ಕಾರ್ಯಕ್ರಮ ಎಲ್ಲ ಬರುತ್ತಿತ್ತು. ಈಗಲೂ ಬರುತ್ತದೆ. ಕಥೆ ಕಾದಂಬರಿ ಬರೆದವರನ್ನು ಕರೆಸಿ ಮಾತಾಡಿಸುತ್ತಾರೆ. ಹೀಗೆ ಒಬ್ಬರು ಕೇಳಿ ಇನ್ನೊಬ್ಬರು ಉತ್ತರ ಹೇಳುವ ಮಾತುಕತೆಗೆ ಸಂದರ್ಶನ ಎನ್ನುತ್ತಾರೆ.

ರೇಡಿಯೋದಲ್ಲಿ ಒಂದು ತೊಂದರೆ ಇತ್ತು. ಅದು ಹೇಳಿದ ಹೊತ್ತಿಗೆ ನಾವು ಕೇಳಬೇಕು. ಆ ಹೊತ್ತಿಗೆ ನೀವು ನೀರು ತರಲು ಹೋಗಿದ್ದರೆ ಮುಗಿಯಿತು. ಮಾತು ಗಾಳಿಯಲ್ಲಿ ಹೋಯಿತು.

ಈಗ ಮೊಬೈಲು ಬಂದಿದೆ. ಅದರಲ್ಲಿ ಪಾಡ್‌ಕಾಸ್ಟ್ ಅಂತ ಒಂದು ಇದೆ. ಈ ಹೆಸರು ಹುಟ್ಟಿದ್ದು 2004ರಲ್ಲಿ. ಹೆಸರು ಕೇಳಿ ಗಾಬರಿಯಾಗಬೇಡಿ. ನಮಗೆ ಬೇಕಾದಾಗ ಕೇಳಬಹುದಾದ ರೇಡಿಯೋ ಅಂದುಕೊಳ್ಳಿ. ಯಾರೋ ಮಾತಾಡಿದ್ದನ್ನು ಮೊದಲೇ ಹಿಡಿದಿಟ್ಟಿರುತ್ತಾರೆ. ನೀವು ಯಾವಾಗ ಒತ್ತುತ್ತೀರೋ ಆವಾಗ ಅದು ಮಾತಾಡುತ್ತದೆ. ನಿಲ್ಲಿಸು ಅಂದರೆ ನಿಲ್ಲುತ್ತದೆ. ತಿಳಿಯಲಿಲ್ಲ ಅಂದರೆ ಹಿಂದಕ್ಕೆ ಹೋಗಿ ಇನ್ನೊಮ್ಮೆ ಹೇಳುತ್ತದೆ. ಎಷ್ಟು ಸಲ ಕೇಳಿದರೂ ಬೇಜಾರು ಮಾಡಿಕೊಳ್ಳೋದಿಲ್ಲ!

ರೊಟ್ಟಿ ತಟ್ಟುತ್ತಾ ಕೇಳಬಹುದು. ಬೀಡಿ ಕಟ್ಟುತ್ತಾ, ಹೂ ಕಟ್ಟುತ್ತಾ, ಅವರೆಕಾಯಿ ಸುಲಿಯುತ್ತಾ ಕೇಳಬಹುದು. ಹತ್ತು ನಿಮಿಷ, ಹದಿನೈದು ನಿಮಿಷದ ಮಾತುಕತೆಗಳೂ ಇರುತ್ತವೆ. ಒಲೆ ಮೇಲಿನ ಬೇಳೆ ಬೇಯುವಷ್ಟರಲ್ಲಿ ಒಂದು ಮುಗಿಯುತ್ತದೆ. ಅಷ್ಟರಲ್ಲಿ ನಿಮಗೆ ಒಬ್ಬ ಬರಹಗಾರರ ಪರಿಚಯ ಆಗಿರುತ್ತದೆ.

ಬರೆದವರ ಮಾತು ಯಾಕೆ ಕೇಳಬೇಕು?

"ಬರೆದವರು ಎಂದರೆ ದೊಡ್ಡವರು. ಅವರ ಮಾತು ನಮಗೆ ಎಲ್ಲಿ ತಿಳಿದೀತು?" ಎಂದು ನೀವು ಕೇಳಬಹುದು. ಈ ಹೆದರಿಕೆ ಬಿಡಬೇಕು. ಅವರೂ ನಮ್ಮ ಹಾಗೇ ಒಂದು ಮನೆಯಲ್ಲಿ ಹುಟ್ಟಿದವರು. ಅಡುಗೆ ಮಾಡಿದವರು, ಮಕ್ಕಳನ್ನು ಹೆತ್ತವರು, ಅತ್ತವರು. ಮೂವರ ವಿಷಯ ಹೇಳ್ತೀವಿ, ಕೇಳಿ.

ಮೊದಲನೆಯವರು ಹಾಸನದ ಬಾನು ಮುಷ್ತಾಕ್. ಇವರ ಮನೆ ಮಾತು ಉರ್ದು. ಚಿಕ್ಕಂದಿನಲ್ಲಿ ಶಿವಮೊಗ್ಗದಲ್ಲಿ ಕನ್ನಡ ಶಾಲೆಗೆ ಸೇರಿಸಲು ಹೋದಾಗ ಅಲ್ಲಿ ಒಂದು ಕರಾರು ಹಾಕಿದರು. ಆರು ತಿಂಗಳಲ್ಲಿ ಕನ್ನಡ ಓದಲು ಬರೆಯಲು ಕಲಿಯಬೇಕು ಎಂದು. ಆಗ ಈ ಹುಡುಗಿಗೆ ಎಂಟು ವರ್ಷ. ಆರು ತಿಂಗಳು ಬೇಕಾಗಲಿಲ್ಲ. ಕೆಲವೇ ದಿನಗಳಲ್ಲಿ ಬರೆಯತೊಡಗಿದಳು.

ಆ ಹುಡುಗಿ ಮುಂದೆ ವಕೀಲರಾದರು. ಪತ್ರಿಕೆಯಲ್ಲಿ ಬರೆದರು. ಕಥೆ ಬರೆದರು. ಅವರ ಕಥೆಗಳಲ್ಲಿ ಬರುವವರು ಹೆಂಗಸರೇ. ಗಂಡ ಕೈಬಿಟ್ಟವರು, ಮೇಲಿಂದ ಮೇಲೆ ಹೆತ್ತು ಸೋತವರು, ನ್ಯಾಯ ಕೇಳಿ ಬಾಗಿಲು ಬಾಗಿಲು ಅಲೆದವರು. 'ಕರಿ ನಾಗರಗಳು' ಅಂತ ಅವರ ಒಂದು ಕಥೆ. ಹೆಣ್ಣು ಮಕ್ಕಳನ್ನೇ ಹೆತ್ತಳು ಎಂದು ಗಂಡ ಬಿಟ್ಟುಹೋದ ಹೆಂಗಸೊಬ್ಬಳ ಕಥೆ ಅದು. ಗಿರೀಶ್ ಕಾಸರವಳ್ಳಿ ಅವರು 2004ರಲ್ಲಿ ಇದನ್ನು 'ಹಸೀನಾ' ಎಂಬ ಸಿನಿಮಾ ಮಾಡಿದರು. ಅದರಲ್ಲಿ ನಟಿಸಿದ ತಾರಾ ಅವರಿಗೆ ರಾಷ್ಟ್ರ ಪ್ರಶಸ್ತಿ ಬಂತು.

2025ರ ಮೇ 20ರಂದು ಲಂಡನ್ ನಗರದಲ್ಲಿ ಬಾನು ಮುಷ್ತಾಕ್ ಅವರ ಕಥೆಗಳಿಗೆ ಅಂತರರಾಷ್ಟ್ರೀಯ ಬುಕರ್ ಪ್ರಶಸ್ತಿ ಕೊಟ್ಟರು. ಅವರ 12 ಕಥೆಗಳನ್ನು ಕೊಡಗಿನ ದೀಪಾ ಭಾಸ್ತಿ ಇಂಗ್ಲಿಷಿಗೆ ಮಾಡಿದ್ದರು. ಕನ್ನಡದ ಪುಸ್ತಕಕ್ಕೆ ಈ ಪ್ರಶಸ್ತಿ ಬಂದದ್ದು ಅದೇ ಮೊದಲು. ಹಣವನ್ನು ಇಬ್ಬರಿಗೂ ಸಮನಾಗಿ ಹಂಚುತ್ತಾರೆ. 2025ರ ಮೈಸೂರು ದಸರಾ ಉದ್ಘಾಟನೆ ಮಾಡಿದವರೂ ಇದೇ ಬಾನು ಮುಷ್ತಾಕ್.

ಪ್ರಶಸ್ತಿ ಬಂದ ಮೇಲೆ ಬಹಳ ಕಡೆ ಅವರನ್ನು ಮಾತಾಡಿಸಿದರು. ಕನ್ನಡದಲ್ಲೇ ಎಷ್ಟೋ ಸಂದರ್ಶನಗಳಿವೆ. ಒಂದನ್ನು ಕೇಳಿ ನೋಡಿ. ಮಾತು ಕೇಳಿದ ಮೇಲೆ ಅವರ ಪುಸ್ತಕ ಬೀರುವಿನಲ್ಲಿ ಕಂಡರೆ ಅದು ಪರಕೀಯ ಅನ್ನಿಸುವುದಿಲ್ಲ. "ಓ, ಇದು ಆ ಅಕ್ಕನ ಪುಸ್ತಕ" ಅನ್ನಿಸುತ್ತದೆ. ಕೈ ತಾನಾಗಿ ಮುಂದಕ್ಕೆ ಹೋಗುತ್ತದೆ. 'ಹಸೀನಾ ಮತ್ತು ಇತರ ಕತೆಗಳು' ಎಂದು ಅವರ ಕಥೆಗಳ ಪುಸ್ತಕವಿದೆ. ಒಂದೊಂದೇ ಕಥೆಯಾಗಿ ಓದಬಹುದು.

ಎರಡನೆಯವರು ಗೀತಾ ನಾಗಭೂಷಣ. ಕಲಬುರಗಿ ಸೀಮೆಯ ಸಾವಳಗಿಯವರು. ಹುಟ್ಟಿದ್ದು 1942ರಲ್ಲಿ. ಅಪ್ಪ ಬಟ್ಟೆ ಗಿರಣಿಯಲ್ಲಿ ಕೂಲಿ. ಬಡತನದಲ್ಲೇ ಓದಿ ಅಧ್ಯಾಪಕಿಯಾದರು. ತಾವು ಕಣ್ಣಾರೆ ಕಂಡ ಬಡವರ ಕಷ್ಟವನ್ನು, ಕೆಳಜಾತಿಯ ಹೆಂಗಸರ ಪಾಡನ್ನು ಬರೆದರು. ಅವರ 'ಬದುಕು' ಎಂಬ ಕಾದಂಬರಿಗೆ 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಕನ್ನಡದಲ್ಲಿ ಆ ಪ್ರಶಸ್ತಿ ಪಡೆದ ಮೊದಲ ಮಹಿಳೆ ಅವರು. 2010ರಲ್ಲಿ ಗದಗದಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷೆಯಾದರು. 2020ರಲ್ಲಿ ತೀರಿಕೊಂಡರು.

ಅವರ ಪುಸ್ತಕದಲ್ಲಿ ಜನ ಕಲಬುರಗಿ ಮಾತನ್ನೇ ಆಡುತ್ತಾರೆ. ಇಲ್ಲೊಂದು ಗುಟ್ಟಿದೆ. ಬೇರೆ ಸೀಮೆಯ ಮಾತನ್ನು ಅಕ್ಷರದಲ್ಲಿ ಓದುವುದು ಮೊದಮೊದಲು ಕಷ್ಟ. ಅದೇ ಮಾತು ಒಮ್ಮೆ ಕಿವಿಗೆ ಬಿದ್ದರೆ ಓದುವಾಗ ದನಿ ಕೇಳಿಸುತ್ತದೆ. ಆ ಸೀಮೆಯವರ ಹತ್ತು ನಿಮಿಷದ ಮಾತು ಕೇಳಿ ಪುಸ್ತಕ ಹಿಡಿದರೆ ಅರ್ಧ ದಾರಿ ಸವೆದ ಹಾಗೇ. ಕಲಬುರಗಿ ಕಡೆಯ ಅಕ್ಕಂದಿರಿಗಂತೂ ಇದು ಮನೆಯ ಮಾತು. "ನಾವು ಆಡೂ ಮಾತೂ ಪುಸ್ತಕದಾಗ ಬರ್ತದೇನ್ರೀ?" ಎಂದು ಕೇಳುವವರಿದ್ದಾರೆ. ಬರ್ತದೆ. ಬಂದಿದೆ. ಅದಕ್ಕೆ ಪ್ರಶಸ್ತಿಯೂ ಬಂದಿದೆ.

ಮೂರನೆಯವರು ತೀರ್ಥಹಳ್ಳಿಯ ಎಂ.ಕೆ. ಇಂದಿರಾ. ಹುಟ್ಟಿದ್ದು 1917ರಲ್ಲಿ. ಶಾಲೆಗೆ ಹೋದದ್ದು ಏಳು ವರ್ಷ ಮಾತ್ರ. ಹನ್ನೆರಡನೆಯ ವಯಸ್ಸಿಗೇ ಮದುವೆ. ಆಮೇಲೆ ಸಂಸಾರ. ಕಾದಂಬರಿ ಬರೆಯಲು ಶುರು ಮಾಡಿದ್ದು ಯಾವಾಗ ಗೊತ್ತೇ? ನಲವತ್ತೈದು ದಾಟಿದ ಮೇಲೆ! 'ತುಂಗಭದ್ರ' ಎಂಬ ಕಾದಂಬರಿ 1963ರಲ್ಲಿ ಬಂತು. ಆಮೇಲೆ ಸಾಲು ಸಾಲು ಪುಸ್ತಕ ಬರೆದರು. ವಯಸ್ಸಾಯಿತು, ಇನ್ನೇನು ಕಲಿಯೋದು ಅನ್ನುವವರಿಗೆ ಇದು ಉತ್ತರ.

ಅವರ 'ಫಣಿಯಮ್ಮ' ಬಂದದ್ದು 1976ರಲ್ಲಿ. ಅದು ನಿಜವಾಗಿ ಬದುಕಿದ್ದ ಒಬ್ಬ ಹೆಂಗಸಿನ ಕಥೆ. ಎಳೆ ಮಗುವಾಗಿದ್ದಾಗಲೇ ಮದುವೆ. ಗಂಡ ಎಂದರೆ ಏನೆಂದು ತಿಳಿಯುವ ಮೊದಲೇ ವಿಧವೆ. ತಲೆ ಬೋಳಿಸಿ, ಕೆಂಪು ಸೀರೆ ಉಡಿಸಿ ಮೂಲೆಗೆ ಕೂರಿಸಿದರು. ಫಣಿಯಮ್ಮ ಉದ್ದಕ್ಕೂ ಮೈಮುರಿದು ದುಡಿದರು. ಊರವರ ಹೆರಿಗೆಗೆ ನೆರವಾದರು. ಇನ್ನೊಬ್ಬ ಎಳೆ ವಿಧವೆ "ನಾನು ತಲೆ ಬೋಳಿಸಿಕೊಳ್ಳೋದಿಲ್ಲ" ಎಂದಾಗ ಈ ಮುದುಕಿ ಅವಳ ಕಡೆ ನಿಂತರು. ಪ್ರೇಮಾ ಕಾರಂತರು 1983ರಲ್ಲಿ ಇದನ್ನು ಸಿನಿಮಾ ಮಾಡಿದರು.

ಈ ಕಥೆ ಇಂದಿರಾ ಅವರಿಗೆ ಸಿಕ್ಕಿದ್ದು ಹೇಗೆ? ಫಣಿಯಮ್ಮ ಹೆರಿಗೆಗೆ ನೆರವಾಗಲು ಬಂದಿದ್ದಾಗ ಇಂದಿರಾ ಅವರ ತಾಯಿಯ ಹತ್ತಿರ ತಮ್ಮ ಕಥೆ ಹೇಳಿಕೊಂಡಿದ್ದರು. ತಾಯಿ ಕೇಳಿದ್ದು ಮಗಳ ಕಿವಿಗೆ ಬಂತು. ಮಗಳ ಕಿವಿಯಿಂದ ಪುಸ್ತಕಕ್ಕೆ ಬಂತು. ಆ ದಿನ ಆ ತಾಯಿ ಕೇಳದಿದ್ದರೆ? ಮಗಳು ಬರೆಯದಿದ್ದರೆ? ಫಣಿಯಮ್ಮನ ನೋವು ಅವರ ಜೊತೆಗೇ ಮಣ್ಣಾಗುತ್ತಿತ್ತು. ಈಗ ಅದು ಉಳಿದಿದೆ. ನೀವು ಇವತ್ತು ಕೈಗೆತ್ತಿಕೊಂಡು ಓದಬಹುದು.

ಇಂದಿರಾ 1994ರಲ್ಲಿ ತೀರಿಕೊಂಡರು. ಈಗ ಇಲ್ಲದವರ ಪುಸ್ತಕದ ಬಗ್ಗೆ ಓದಿದವರು ಮಾತಾಡುತ್ತಾರೆ. ಅಂಥ ಮಾತುಕತೆಯನ್ನೂ ಹುಡುಕಿ ಕೇಳಬಹುದು.

ಕೇಳುವುದು ಹೇಗೆ?

ಈಗ ಕೆಲಸದ ಮಾತಿಗೆ ಬರೋಣ.

ಮೊಬೈಲಿನಲ್ಲಿ ಹುಡುಕುವ ಜಾಗದಲ್ಲಿ ಒಂದು ಸಣ್ಣ ಮೈಕಿನ ಚಿತ್ರ ಇರುತ್ತದೆ. ಅದನ್ನು ಒತ್ತಿ ಕನ್ನಡದಲ್ಲೇ ಹೇಳಿ: "ಬಾನು ಮುಷ್ತಾಕ್ ಸಂದರ್ಶನ." ಪಟ್ಟಿ ಬರುತ್ತದೆ. ಮೈಕು ಬೇಡ ಅಂದರೆ ಕನ್ನಡ ಅಕ್ಷರ ಒತ್ತಿಯೂ ಹುಡುಕಬಹುದು. ನಿಧಾನ ಆಗುತ್ತದೆ, ಆಗಲಿ. ಅದೂ ಬರೆಯುವ ಅಭ್ಯಾಸವೇ.

ಪಟ್ಟಿಯಲ್ಲಿ ಪ್ರತಿಯೊಂದರ ಹತ್ತಿರ ಎಷ್ಟು ನಿಮಿಷ ಎಂದು ಅಂಕಿ ಇರುತ್ತದೆ. ಮೊದಲು ಚಿಕ್ಕದನ್ನೇ ಆರಿಸಿ. ಒಂದೂವರೆ ಗಂಟೆಯದ್ದನ್ನು ಹಿಡಿದರೆ ನಿದ್ದೆ ಬರುತ್ತದೆ.

ಕೇಳುವಾಗ ನಾಲ್ಕು ಪ್ರಶ್ನೆ ಮನಸ್ಸಿನಲ್ಲಿರಲಿ.

1. ಬರೆದವರ ಹೆಸರೇನು?
2. ಪುಸ್ತಕದ ಹೆಸರೇನು?
3. ಅದು ಯಾರ ಕಥೆ, ಯಾವ ಊರಿನ ಕಥೆ?
4. ಅವರು ಅದನ್ನು ಯಾಕೆ ಬರೆದರು?

ಮೊದಲನೆಯ ಎರಡಕ್ಕೆ ಉತ್ತರ ಚೀಟಿಯಲ್ಲಿ ಬರೆದುಕೊಳ್ಳಿ. ಹೀಗೆ:

ಬರೆದವರು: ಎಂ.ಕೆ. ಇಂದಿರಾ.
ಪುಸ್ತಕ: ಫಣಿಯಮ್ಮ.

ಅಷ್ಟೇ. ಎರಡು ಸಾಲು. ಕೇಳಿದ ಮಾತು ಗಾಳಿಗೆ ಹೋಗುತ್ತದೆ. ಬರೆದ ಚೀಟಿ ಸೆರಗಿನ ಗಂಟಿನಲ್ಲಿ ಉಳಿಯುತ್ತದೆ. ಕಾಗುಣಿತ ತಪ್ಪಿದರೂ ಪರವಾಗಿಲ್ಲ. ಹೆಸರು ಹೊಂದಿದರೆ ಸಾಕು.

"ಮೊಬೈಲು ನಮ್ಮ ಕೈಗೆಲ್ಲಿ ಸಿಗ್ತದಕ್ಕ? ಹಗಲು ಗಂಡನ ಜೇಬಲ್ಲಿ, ರಾತ್ರಿ ಮಗನ ಕೈಯಲ್ಲಿ" ಎಂದು ಹೇಳುವವರು ನಿಮ್ಮಲ್ಲೇ ಇದ್ದೀರಿ. ನಿಜ. ಇದು ಎಷ್ಟೋ ಮನೆಯ ಕಥೆ. ಆದರೆ ಕೇಳುವುದಕ್ಕೆ ಮನೆಗೊಂದು ಮೊಬೈಲು ಬೇಕಿಲ್ಲ. ಹತ್ತು ಹೆಂಗಸರಿಗೆ ಒಂದು ಸಾಕು. ವಾರಕ್ಕೊಮ್ಮೆ ಸ್ತ್ರೀಶಕ್ತಿ ಸಂಘದ ಸಭೆ ಸೇರುತ್ತೀರಿ. ಉಳಿತಾಯದ ಹಣ ಕಟ್ಟುತ್ತೀರಿ. ಸಾಲದ ಲೆಕ್ಕ ಬರೆಯುತ್ತೀರಿ. ಲೆಕ್ಕ ಮುಗಿದ ಮೇಲೆ ಹತ್ತು ನಿಮಿಷ ಒಂದು ಮಾತುಕತೆ ಹಾಕಿ. ದನಿ ಜೋರು ಮಾಡಿ ನಡುವೆ ಇಡಿ. ಎಲ್ಲರೂ ಕೇಳಿ. ಕೇಳಿದ ಮೇಲೆ ಐದು ನಿಮಿಷ ನೀವೇ ಮಾತಾಡಿ. ಒಬ್ಬರು ಚೀಟಿ ಬರೆಯಲಿ.

ಮನೆಯಲ್ಲೂ ಕೇಳಿ ನೋಡಿ. "ಅರ್ಧ ಗಂಟೆ ಮೊಬೈಲು ಇಲ್ಲಿ ಕೊಡಪ್ಪ, ನಮಗೂ ಕೇಳೋದಿದೆ" ಎಂದು ನಗುನಗುತ್ತಾ ಹೇಳಿ. ಮಗಳಿದ್ದರೆ ಅವಳನ್ನೂ ಜೊತೆಗೆ ಕೂರಿಸಿಕೊಳ್ಳಿ. ಅವಳು ಒತ್ತುವುದನ್ನು ಹೇಳಿಕೊಡುತ್ತಾಳೆ. ನೀವು ಬದುಕಿನ ಅರ್ಥ ಹೇಳಿಕೊಡಿ.

ಸಿಗ್ನಲ್ ಇಲ್ಲದ ಊರಾದರೆ ಪೇಟೆಗೆ ಹೋದಾಗ ಮೊಬೈಲಿಗೆ ಇಳಿಸಿಟ್ಟುಕೊಳ್ಳಿ. ಡೌನ್‌ಲೋಡ್ ಎಂದು ಅದಕ್ಕೇ ಹೇಳುವುದು. ಆಮೇಲೆ ನೆಟ್ ಇಲ್ಲದೆಯೂ ಕೇಳಬಹುದು. ಮೊಬೈಲೇ ಇಲ್ಲದ ಮನೆಯಾದರೆ ರೇಡಿಯೋ ಇದೆ. ಅದನ್ನು ಮರೆಯಬೇಡಿ.

ಚೀಟಿ ಹಿಡಿದು ಗ್ರಂಥಾಲಯಕ್ಕೆ

ಕರ್ನಾಟಕದಲ್ಲಿ 1965ರಲ್ಲಿ ಸಾರ್ವಜನಿಕ ಗ್ರಂಥಾಲಯ ಕಾನೂನು ಬಂತು. ಗ್ರಂಥಾಲಯ ನಡೆಸುವುದಕ್ಕೆ ಅಂತಲೇ ನಾವು ಕಟ್ಟುವ ಆಸ್ತಿ ತೆರಿಗೆಯ ಜೊತೆ ಒಂದಿಷ್ಟು ಕರ ಸೇರಿರುತ್ತದೆ. ಅಂದರೆ ಗ್ರಂಥಾಲಯ ನಮ್ಮ ದುಡ್ಡಿನದು. ಅಲ್ಲಿಗೆ ಹೋಗುವುದು ಯಾರ ಉಪಕಾರವೂ ಅಲ್ಲ.

ಇವತ್ತು ರಾಜ್ಯದಲ್ಲಿ ಐದು ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿವೆ. 2019ರಲ್ಲಿ ಇವು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. 2020ರಲ್ಲಿ ಮಕ್ಕಳಿಗಾಗಿ 'ಓದುವ ಬೆಳಕು' ಎಂಬ ಕಾರ್ಯಕ್ರಮ ಶುರುವಾಯಿತು. ಈಗ ಇವುಗಳಿಗೆ 'ಅರಿವು ಕೇಂದ್ರ' ಎಂದು ಹೆಸರು. ಎಷ್ಟೋ ಕಡೆ ಕಂಪ್ಯೂಟರ್ ಕೂಡ ಇದೆ. ನಿಮ್ಮ ಮಗು ಅಲ್ಲಿಗೆ ಹೋಗುತ್ತಿದ್ದರೆ ನೀವೂ ಜೊತೆಗೆ ಹೋಗಿ. ಮೊದಲ ಸಲ ಒಬ್ಬರೇ ಹೋಗಲು ಸಂಕೋಚವಾದರೆ ಸಂಘದ ಮೂರು ನಾಲ್ಕು ಜನ ಸೇರಿ ಹೋಗಿ.

ಅಲ್ಲಿ ಮೇಲ್ವಿಚಾರಕರು ಇರುತ್ತಾರೆ. ಚೀಟಿ ತೋರಿಸಿ ಕೇಳಿ. "ಎಂ.ಕೆ. ಇಂದಿರಾ ಅವರ ಫಣಿಯಮ್ಮ ಇದೆಯಾ?" ನೋಡಿ, ಈ ಒಂದು ಮಾತಿಗೆ ಎಷ್ಟು ಬಲ! ಮೊದಲು "ಸುಮ್ಮನೆ ಬಂದೆ" ಎಂದು ವಾಪಸ್ಸಾದ ಹೆಂಗಸು ಈಗ ಹೆಸರು ಹಿಡಿದು ಕೇಳುತ್ತಾಳೆ. ಬೆಂಚಿನ ಮೇಲಿನವರು ತಲೆ ಎತ್ತಿ ನೋಡಲಿ ಬಿಡಿ. ಕೂತು ಓದಲು ಅವರಿಗೆ ಎಷ್ಟು ಹಕ್ಕಿದೆಯೋ ನಿಮಗೂ ಅಷ್ಟೇ ಇದೆ.

ಪುಸ್ತಕ ಮನೆಗೆ ಒಯ್ಯಲು ಸದಸ್ಯರಾಗಬೇಕು. ಅದಕ್ಕೆ ಏನೇನು ಬೇಕು ಎಂದು ಅಲ್ಲೇ ಕೇಳಿ. ಅರ್ಜಿಯನ್ನು ನಿಮ್ಮ ಕೈಯಾರೆ ತುಂಬಿ. ಕೇಳಿದ ಪುಸ್ತಕ ಇಲ್ಲ ಎಂದರೆ ಸುಮ್ಮನೆ ಬರಬೇಡಿ. "ತರಿಸಿಕೊಡಿ" ಎಂದು ಬರೆದು ಕೊಡಿ. ಹತ್ತು ಹೆಂಗಸರು ಒಂದೇ ಪುಸ್ತಕ ಕೇಳಿದರೆ ಅದಕ್ಕೆ ತೂಕ ಇರುತ್ತದೆ. ಗ್ರಾಮ ಸಭೆಯಲ್ಲೂ ಕೇಳಬಹುದು. ನೀರು, ರಸ್ತೆ, ದೀಪ ಕೇಳುತ್ತೇವೆ. ಪುಸ್ತಕ ಯಾಕೆ ಕೇಳಬಾರದು?

ಕೇಳಿದ್ದು ಓದಿದ್ದಲ್ಲ

ಇಲ್ಲಿ ಒಂದು ಎಚ್ಚರಿಕೆ. ಕೇಳುವುದು ಸುಲಭ, ಸುಖ. ಹಾಗಾಗಿ ಕೇಳುತ್ತಾ ಕೂತು ಓದುವುದನ್ನೇ ಮರೆಯಬಹುದು. ಹೋಳಿಗೆ ಹೀಗಿತ್ತು ಎಂದು ಯಾರೋ ಹೇಳಿದರೆ ಬಾಯಲ್ಲಿ ನೀರು ಬರುತ್ತದೆ, ಹೊಟ್ಟೆ ತುಂಬೋದಿಲ್ಲ. ಮಾತುಕತೆ ಪುಸ್ತಕದ ಬಾಗಿಲು ತೋರಿಸುತ್ತದೆ. ಒಳಗೆ ಹೋಗಬೇಕಾದವರು ನೀವು.

ಇನ್ನೊಂದು ಮಾತು. ತಮ್ಮ ಪುಸ್ತಕ ಚೆನ್ನಾಗಿಲ್ಲ ಎಂದು ಯಾರೂ ಹೇಳೋದಿಲ್ಲ. ಸಂತೆಯಲ್ಲಿ ತರಕಾರಿಯವಳು "ನಂದೇ ತಾಜಾ" ಅನ್ನುತ್ತಾಳಲ್ಲವೇ? ನಾವು ಮುಟ್ಟಿ ನೋಡಿ ತಗೊಳ್ತೀವಿ. ಪುಸ್ತಕವೂ ಹಾಗೇ. ಗ್ರಂಥಾಲಯದಲ್ಲೇ ಕೂತು ಮೊದಲ ಎರಡು ಪುಟ ಓದಿ. ಹಿಡಿಸಿದರೆ ಮನೆಗೆ ತನ್ನಿ. ಹಿಡಿಸದಿದ್ದರೆ ಅಲ್ಲೇ ಇಡಿ. ಪ್ರಶಸ್ತಿ ಬಂದ ಪುಸ್ತಕ ಎಲ್ಲರಿಗೂ ಹಿಡಿಸಲೇಬೇಕು ಎಂದೇನೂ ಇಲ್ಲ. ಯಾವುದು ಬೇಕು, ಯಾವುದು ಬೇಡ ಎಂದು ನೀವೇ ಹೇಳಬಲ್ಲಿರಿ. ಅದೂ ಕಲಿಕೆಯೇ.

ದಪ್ಪ ಪುಸ್ತಕ ಕಂಡರೆ ಹೆದರಬೇಡಿ. ಆದರೆ ಮೊದಲೇ ಅದಕ್ಕೆ ಕೈ ಹಾಕಲೂ ಬೇಡಿ. 'ಬದುಕು' ದಪ್ಪ ಪುಸ್ತಕ, ಅದು ಆಮೇಲೆ ಇರಲಿ. ಮೊದಲು ಒಂದು ಸಣ್ಣ ಕಥೆ ಓದಿ. ಆಮೇಲೆ 'ಫಣಿಯಮ್ಮ'ನಂಥ ಚಿಕ್ಕ ಕಾದಂಬರಿ ಓದಿ. ದಿನಕ್ಕೆ ಒಂದು ಪುಟ. ಆಗದಿದ್ದರೆ ಹತ್ತೇ ಸಾಲು. ಬೆರಳಿಟ್ಟು ಓದಿ, ಬಾಯಿಬಿಟ್ಟು ಓದಿ. ನಾಚಿಕೆ ಯಾಕೆ? ತಿಳಿಯದ ಪದದ ಕೆಳಗೆ ಗೀರು ಹಾಕಬೇಡಿ, ಅದು ಎಲ್ಲರ ಪುಸ್ತಕ. ನಿಮ್ಮ ನೋಟ್‌ಬುಕ್ಕಿನಲ್ಲಿ ಬರೆದಿಟ್ಟು ಕೇಂದ್ರಕ್ಕೆ ಬಂದಾಗ ಕೇಳಿ. ಅರ್ಧ ಓದಿ ಬೇಸರ ಬಂದರೆ ಅದೇ ಮಾತುಕತೆಯನ್ನು ಇನ್ನೊಮ್ಮೆ ಕೇಳಿ. ಓದಿದ ಮೇಲೆ ಕೇಳಿದರೆ ಮೊದಲು ತಿಳಿಯದ ಮಾತು ಈಗ ತಿಳಿಯುತ್ತದೆ.

ಸಂಘದಲ್ಲಿ ಒಬ್ಬರು ಗಟ್ಟಿಯಾಗಿ ಓದಿ, ಉಳಿದವರು ಕೇಳಿದರೂ ಆಯಿತು. ಆದರೆ ವಾರಕ್ಕೊಬ್ಬರು ಓದಬೇಕು. ಓದು ಚೆನ್ನಾಗಿ ಬರುವ ಒಬ್ಬರ ಮೇಲೇ ಹಾಕಬೇಡಿ. ಹಾಕಿದರೆ ಒಬ್ಬರ ಕುಡುಗೋಲು ಹರಿತವಾಗುತ್ತದೆ, ಉಳಿದವರದು ತುಕ್ಕು ಹಿಡಿಯುತ್ತದೆ.

ಪುಸ್ತಕದಿಂದ ಏನು ಸಿಗುತ್ತದೆ?

"ಇಷ್ಟೆಲ್ಲ ಮಾಡಿ ನಮಗೇನು ಸಿಗ್ತದೆ? ಹೊಟ್ಟೆಗೆ ಹಿಟ್ಟು ಸಿಗ್ತದಾ?" ಎಂದು ಕೇಳುವವರಿದ್ದಾರೆ. ಸರಿಯಾದ ಪ್ರಶ್ನೆಯೇ. ಪುಸ್ತಕ ಓದಿದ ಕೂಡಲೇ ಕೂಲಿ ಹೆಚ್ಚಾಗೋದಿಲ್ಲ. ಆದರೆ ಓದು ಕೈಯಲ್ಲಿ ಉಳಿದರೆ ಬ್ಯಾಂಕಿನ ಕಾಗದ ಓದಬಹುದು. ಸಾಲದ ಪತ್ರಕ್ಕೆ ರುಜು ಹಾಕುವ ಮೊದಲು ಅದರಲ್ಲಿ ಏನಿದೆ ಎಂದು ನೋಡಬಹುದು. ಮಾತ್ರೆಯ ಚೀಟಿ ನೋಡಬಹುದು. ಆ ಓದು ಉಳಿಯುವುದಕ್ಕೆ ದಿನಾ ಓದಬೇಕು. ದಿನಾ ಓದುವುದಕ್ಕೆ ಮನಸ್ಸು ಎಳೆಯುವ ಕಥೆ ಬೇಕು.

ಇನ್ನೂ ಒಂದು ಇದೆ. ಎಷ್ಟೋ ನೋವನ್ನು ನಾವು ನಮ್ಮೊಬ್ಬರದೇ ಎಂದು ತಿಳಿದು ಒಳಗೇ ನುಂಗುತ್ತೇವೆ. ಹಾಸನದ ಕಥೆಯಲ್ಲಿ, ಕಲಬುರಗಿಯ ಕಥೆಯಲ್ಲಿ, ತೀರ್ಥಹಳ್ಳಿಯ ಕಥೆಯಲ್ಲಿ ಅದೇ ನೋವು ಕಂಡಾಗ, ಇದು ನಮ್ಮ ಹಣೆಬರಹ ಮಾತ್ರ ಅಲ್ಲ ಎಂದು ತಿಳಿಯುತ್ತದೆ. ಜಾತಿ ಬೇರೆ, ಧರ್ಮ ಬೇರೆ, ಸೀಮೆ ಬೇರೆ. ಹೆಣ್ಣಿನ ಪಾಡು ಮಾತ್ರ ಹತ್ತಿರ ಹತ್ತಿರ. ಹಾಗೆ ತಿಳಿದವಳು ಮಗಳ ಮದುವೆಯ ಮಾತು ಬಂದಾಗ "ಇನ್ನೂ ಚಿಕ್ಕವಳು, ಓದಲಿ" ಎಂದು ಗಟ್ಟಿಯಾಗಿ ಹೇಳುತ್ತಾಳೆ.

ಅಕ್ಕತಂಗಿಯರೇ, ಇವತ್ತು ಮನೆಗೆ ಹೋಗುವ ಮೊದಲು ನಾವು ಒಂದು ಕೆಲಸ ಮಾಡೋಣ. ಮೇಜಿನ ಮೇಲೆ ಕಾಗದದ ಚೂರು ಇಟ್ಟಿದ್ದೇವೆ. ಪೆನ್ಸಿಲ್ ಇದೆ. ಇವತ್ತು ಮೂರು ಹೆಸರು ಕೇಳಿದಿರಿ. ನಿಮ್ಮ ಮನಸ್ಸಿಗೆ ಹಿಡಿಸಿದ ಒಂದನ್ನು ಬರೆದುಕೊಳ್ಳಿ. ಬರೆದವರು ಯಾರು, ಪುಸ್ತಕ ಯಾವುದು, ಎರಡೇ ಸಾಲು. ಈ ವಾರ ಅವರ ಮಾತುಕತೆ ಹುಡುಕಿ ಕೇಳಿ. ಮುಂದಿನ ಸಭೆಯ ಒಳಗೆ ಚೀಟಿ ಹಿಡಿದು ಗ್ರಂಥಾಲಯಕ್ಕೆ ಹೋಗಿ ಬನ್ನಿ. ಪುಸ್ತಕ ಸಿಕ್ಕಿತೋ ಇಲ್ಲವೋ, ಅಲ್ಲಿ ಏನು ಹೇಳಿದರು, ಬಂದು ಎಲ್ಲರಿಗೂ ಹೇಳಿ.

ಬನ್ನಿ, ಒಬ್ಬೊಬ್ಬರಾಗಿ ಬಂದು ಕಾಗದ ತೆಗೆದುಕೊಳ್ಳಿ.